ಖಾಲಿದಿಯಾ ಪಕ್ಕದ ಹಳೆಯ ಕೋಟೆ: ಕಸ್ರ್ ಅಲ್ ಹೊಸ್ನ್

ಅಬುಧಾಬಿ: ಊರಿನಿಂದ ತಂದೆ ತಾಯಿ ಬಂದರೆ ನಾವು ಮೊದಲು ಕರೆದೊಯ್ಯುವುದು ಶೇಖ್ ಜಾಯೆದ್ ಮಸೀದಿಗೆ, ನಂತರ ಕಾರ್ನಿಶ್‌ಗೆ, ಉಳಿದ ಹೊತ್ತು ಮಾಲ್‌ಗೆ. ಖಾಲಿದಿಯಾದ ಕನ್ನಡಿಗ ಕುಟುಂಬಗಳಿಗೆ ಸಮೀಪದಲ್ಲೇ ಇರುವ, ನಗರದ ಅತ್ಯಂತ ಹಳೆಯ ಕಟ್ಟಡ ಮಾತ್ರ ಪಟ್ಟಿಯಿಂದ ಬಿಟ್ಟುಹೋಗುತ್ತದೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಮೈಸೂರು ಅರಮನೆ ಗೊತ್ತು; ಶಾಲಾ ಬಸ್ಸಿನ ದಾರಿಯಲ್ಲಿರುವ ಈ ಕೋಟೆಯ ಕಥೆ ಗೊತ್ತಿಲ್ಲ.

18ನೇ ಶತಮಾನದಲ್ಲಿ ದ್ವೀಪದಲ್ಲಿ ಸಿಹಿನೀರು ಸಿಕ್ಕಿದ ಮೇಲೆ ಬನಿ ಯಾಸ್ ಬುಡಕಟ್ಟಿನವರು ಇಲ್ಲಿ ನೆಲೆ ನಿಂತರು. ಸಮುದ್ರದ ಹವಳದ ಕಲ್ಲಿನಿಂದ ದುಂಡನೆಯ ಕಾವಲು ಗೋಪುರ ಕಟ್ಟಿದರು. ಆ ಶತಮಾನದ ಕೊನೆಗೆ ಶೇಖ್ ಶಖ್ಬೂತ್ ಬಿನ್ ಧಿಯಾಬ್ ಲಿವಾದಿಂದ ಆಡಳಿತವನ್ನು ಇಲ್ಲಿಗೆ ತಂದಾಗ ಗೋಪುರದ ಸುತ್ತ ಕೋಟೆ ಎದ್ದಿತು. ಆಗಿನ ಜೀವನ ಮುತ್ತಿನ ಮೇಲೆ ನಿಂತಿತ್ತು. ಕೊಲ್ಲಿಯ ಮುತ್ತಿಗೆ ದೊಡ್ಡ ಮಾರುಕಟ್ಟೆ ನಮ್ಮ ಮುಂಬಯಿ! 1939ರ ತೈಲ ಒಪ್ಪಂದದ ನಂತರ, 1940ರ ದಶಕದಲ್ಲಿ, ಹಳೆಯ ಕೋಟೆಯನ್ನು ಒಳಗಿಟ್ಟುಕೊಂಡು ಹೊರಗೆ ಅರಮನೆ ಕಟ್ಟಲಾಯಿತು.

ಹಳಬರು ಇದನ್ನು ಇಂದಿಗೂ 'ವೈಟ್ ಫೋರ್ಟ್' ಎನ್ನುತ್ತಾರೆ. ಆದರೆ ಆ ಅಚ್ಚ ಬಿಳಿ ಬಣ್ಣ ಮೂಲದ್ದಲ್ಲ. 1970-80ರ ದಶಕಗಳಲ್ಲಿ ದುರಸ್ತಿ ಮಾಡುವಾಗ ಬಳಿದ ಹೊಸ ಗಾರೆಯದು. ಅದು ಗೋಡೆಯೊಳಗಿನ ತೇವವನ್ನು ಹೊರಬಿಡದೆ ಹವಳದ ಕಲ್ಲನ್ನು ಕೆಡಿಸತೊಡಗಿತು. ನಮ್ಮೂರ ಹಳೆಯ ಗುಡಿಗಳ ಕಲ್ಲುಕಂಬಗಳಿಗೆ ಭಕ್ತಿಯಿಂದ ಆಯಿಲ್ ಪೇಂಟ್ ಬಳಿದ ಹಾಗೆಯೇ ಇದು ಕೂಡ. ಇಲ್ಲಿ ತಜ್ಞರು ಆ ಪದರವನ್ನು ತಾಳ್ಮೆಯಿಂದ ತೆಗೆಸಿದರು. ವರ್ಷಗಟ್ಟಲೆ ನಡೆದ ಜೀರ್ಣೋದ್ಧಾರದ ಬಳಿಕ 2018ರ ಡಿಸೆಂಬರ್‌ನಲ್ಲಿ ಕೋಟೆ ವಸ್ತುಸಂಗ್ರಹಾಲಯವಾಗಿ ತೆರೆಯಿತು.

ಅದೇ ಆವರಣದಲ್ಲಿ 1981ರ ಕಲ್ಚರಲ್ ಫೌಂಡೇಶನ್ ಇದೆ, ಅದರಲ್ಲಿ ಮಕ್ಕಳ ಗ್ರಂಥಾಲಯವೂ ಇದೆ. 'ಹೌಸ್ ಆಫ್ ಆರ್ಟಿಸನ್ಸ್' ವಿಭಾಗದಲ್ಲಿ ಖರ್ಜೂರದ ಗರಿ ಹೆಣೆಯುವ 'ಖೂಸ್' ಕಲೆಯನ್ನು ನೋಡಿದರೆ ಕರಾವಳಿಯ ಅಜ್ಜಿಯರಿಗೆ ತಮ್ಮ ಓಲೆ ಚಾಪೆ ನೆನಪಾಗದೆ ಇರದು.

ಬಿಡುವಿದ್ದವರು ದ್ವೀಪದ ಹಳೆಯ ಪ್ರವೇಶದ್ವಾರವಾದ ಮಕ್ತಾದಲ್ಲಿ ನೀರಿನ ನಡುವೆ ನಿಂತಿರುವ ಕಾವಲು ಗೋಪುರವನ್ನೂ ನೋಡಬಹುದು.

ಕೋಟೆಗೆ ಖಾಲಿದಿಯಾದಿಂದ ಜಾಯೆದ್ ದಿ ಫಸ್ಟ್ ಸ್ಟ್ರೀಟ್ ಹಿಡಿದು ಬನ್ನಿ. ಚಳಿಗಾಲದ ಸಂಜೆಯಾದರೆ ನಡೆದೇ ಬರಬಹುದು. ಸಮಯ ಮತ್ತು ಟಿಕೆಟ್ ವಿವರವನ್ನು ಮೊದಲೇ ವಿಚಾರಿಸಿಕೊಳ್ಳಿ. ಒಳಗೆ ಹೋದಾಗ ಹಳೆಯ ಗೋಪುರದ ಗೋಡೆಯ ಹತ್ತಿರ ಮಕ್ಕಳನ್ನು ನಿಲ್ಲಿಸಿ ತೋರಿಸಿ: ಕಲ್ಲಿನಲ್ಲಿ ಹವಳದ ಸಣ್ಣ ಸಣ್ಣ ರಂಧ್ರಗಳು ಕಾಣುತ್ತವೆ.