ಕಡಲ ಕಂಪನಕ್ಕೆ ಕಿವಿಗೊಟ್ಟ ಗೌರಿಬಿದನೂರು



ಮೈಸೂರಿನವರಿಗೆ ಕಡಲು ದೂರದ ಮಾತು. ಘಟ್ಟ ಇಳಿದರೆ ಮಾತ್ರ ಅದರ ದರ್ಶನ. ಆದರೆ 2004ರ ಡಿಸೆಂಬರ್ 26ರ ಭಾನುವಾರ ಕಡಲ ತಳದ ಸುದ್ದಿ ಮೈಸೂರಿನ ನೆಲಕ್ಕೂ ಬಂದಿತ್ತು. ನಿಮ್ಮಲ್ಲಿ ಹಲವರು ಆಗ ಹುಟ್ಟಿರಲೂ ಇಲ್ಲ. ಬೆಳಿಗ್ಗೆ 6 ಗಂಟೆ 29 ನಿಮಿಷಕ್ಕೆ ಸುಮಾತ್ರಾದ ಬಳಿ ಕಡಲ ತಳ ಬಿರಿಯಿತು. ಅಲ್ಲಿಂದ ಹೊರಟ ಮೊದಲ ಕಂಪನ ಅಲೆಗಳು ಸುಮಾರು 2,300 ಕಿಲೋಮೀಟರ್ ದಾಟಿ ಚಾಮುಂಡಿ ಬೆಟ್ಟದ ಬುಡಕ್ಕೆ ತಲುಪಲು ಐದು ನಿಮಿಷವೂ ಹಿಡಿಯಲಿಲ್ಲ. ಅಷ್ಟು ದೂರ ಬಂದ ಮೊದಲ ಅಲೆ ನಮ್ಮ ಕಾಲಿಗೆ ತಿಳಿಯುವಷ್ಟು ಜೋರಾಗಿರುವುದಿಲ್ಲ. ಉಪಕರಣಕ್ಕೆ ಮಾತ್ರ ತಿಳಿಯುತ್ತದೆ. ನೀರಿನ ಅಲೆ, ಅಂದರೆ ಸುನಾಮಿ, ಚೆನ್ನೈ ತೀರಕ್ಕೆ ಬಂದದ್ದು ಎರಡು ಗಂಟೆಗೂ ಹೆಚ್ಚು ಕಾಲದ ನಂತರ. ಈ ಎರಡು ಗಂಟೆಗಳ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕರ್ನಾಟಕದಲ್ಲಿ ಇಂಥ ಅಲೆಗಳನ್ನು ಆಲಿಸುವ ಕೆಲಸ ಬಹಳ ಹಿಂದೆಯೇ ಶುರುವಾಗಿತ್ತು, ಅದೂ ಬೇರೆಯೇ ಕಾರಣಕ್ಕೆ. 1963ರಲ್ಲಿ ಆದ ಒಪ್ಪಂದದಿಂದ ಅಣುಬಾಂಬ್ ಪರೀಕ್ಷೆಗಳು ಗಾಳಿ ನೀರುಗಳನ್ನು ಬಿಟ್ಟು ನೆಲದೊಳಕ್ಕೆ ಇಳಿದವು. ಕಣ್ಣಿಗೆ ಕಾಣದ ಸ್ಫೋಟವನ್ನು ಪತ್ತೆ ಮಾಡುವುದು ಹೇಗೆ? ಬ್ರಿಟನ್ನಿನ ವಿಜ್ಞಾನಿಗಳು ಅನೇಕ ಭೂಕಂಪಮಾಪಕಗಳನ್ನು ಸಾಲಾಗಿ ಹೂಡುವ ಒಂದು ವ್ಯವಸ್ಥೆ ರೂಪಿಸಿದರು. ಅಂಥವು ಸ್ಕಾಟ್ಲೆಂಡ್, ಕೆನಡಾ ಮತ್ತು ಆಸ್ಟ್ರೇಲಿಯಾಗಳಲ್ಲಿ ತಲೆಯೆತ್ತಿದವು; ಇನ್ನೊಂದು 1965ರಲ್ಲಿ ಬಂದದ್ದು ನಮ್ಮ ಗೌರಿಬಿದನೂರಿಗೆ. ಇದನ್ನು ನಡೆಸಿದ್ದು ಇಂದು ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ಎನಿಸಿರುವ ಸಂಸ್ಥೆ.

ಗೌರಿಬಿದನೂರೇ ಏಕೆ? ಕಡಲ ತೀರದಲ್ಲಿ ತೆರೆಗಳ ಬಡಿತವೇ ನೆಲವನ್ನು ಸದಾ ಅಲುಗಿಸುತ್ತಿರುತ್ತದೆ. ಒಳನಾಡಿನ ಹಳೆಯ ಗಟ್ಟಿ ಬಂಡೆಯಾದರೋ ನಿಶ್ಶಬ್ದ. ಕಡಲ ತಳದ ಪಿಸುಮಾತು ಕೇಳಬೇಕಾದರೆ ಕಡಲಿನಿಂದ ದೂರ ಕೂರಬೇಕು ಎಂಬುದು ತಮಾಷೆಯಲ್ಲವೇ!

ಅಲ್ಲಿ ಮಾಪಕಗಳನ್ನು ಇಂಗ್ಲಿಷಿನ 'ಎಲ್' ಅಕ್ಷರದ ಆಕಾರದಲ್ಲಿ, ಎರಡು ತೋಳುಗಳಾಗಿ, ತೋಳಿಗೆ ಹತ್ತರಂತೆ ಹೂಳಲಾಯಿತು. ಇದರ ಗುಟ್ಟು ತಿಳಿಯಲು ದಸರಾ ದಿನದ ಕುಶಾಲತೋಪನ್ನು ನೆನೆಯಿರಿ. ಪರಸ್ಪರ ಅಡ್ಡವಾಗಿರುವ ಎರಡು ರಸ್ತೆಗಳ ಉದ್ದಕ್ಕೂ ನಿಮ್ಮ ಗೆಳೆಯರು ಗಡಿಯಾರ ಹಿಡಿದು ನಿಂತಿದ್ದಾರೆ ಎನ್ನಿ. ತೋಪಿನ ಸದ್ದು ಯಾರಿಗೆ ಮೊದಲು, ಯಾರಿಗೆ ಆಮೇಲೆ ಕೇಳಿಸಿತು ಎಂದು ಕೂಡಿಸಿ ನೋಡಿದರೆ, ಅರಮನೆ ಕಾಣದಿದ್ದರೂ ಅದು ಯಾವ ದಿಕ್ಕಿನಲ್ಲಿದೆ ಎಂದು ಹೇಳಬಹುದು. ಕಂಪನದಲ್ಲಿ ಇನ್ನೊಂದು ಅನುಕೂಲವಿದೆ. ದೂರದಿಂದ ಬರುವ ಅಲೆ ಭೂಮಿಯ ಆಳಕ್ಕಿಳಿದು ಕೆಳಗಿನಿಂದ ಮೇಲಕ್ಕೆ ಬರುವುದರಿಂದ, ಎಲ್ಲ ಮಾಪಕಗಳನ್ನೂ ಹೆಚ್ಚುಕಡಿಮೆ ಒಟ್ಟಿಗೇ ತಟ್ಟುತ್ತದೆ. ಹತ್ತಿರದ್ದು ಒಂದಾದ ಮೇಲೊಂದರಂತೆ ತಟ್ಟುತ್ತದೆ. ಹೀಗೆ ದೂರವೂ ಅಂದಾಜಿಗೆ ಸಿಗುತ್ತದೆ.

ಬಾಂಬನ್ನು ಗುರುತಿಸಬೇಕಾದರೆ ಮೊದಲು ಸಹಜ ಭೂಕಂಪವನ್ನು ಚೆನ್ನಾಗಿ ಬಲ್ಲವರಾಗಬೇಕು. ಸ್ಫೋಟ ಎಲ್ಲ ಕಡೆಗೂ ಒಮ್ಮೆಗೇ ತಳ್ಳುತ್ತದೆ. ಭೂಕಂಪದಲ್ಲಿ ಬಂಡೆ ಬಂಡೆಯ ಮೇಲೆ ಜಾರುತ್ತದೆ. 1998ರ ಮೇ 28ರ ಪಾಕಿಸ್ತಾನದ ಚಾಗೈ ಸ್ಫೋಟವನ್ನು ಗೌರಿಬಿದನೂರು ದಾಖಲಿಸಿತು, ನಿಜ. ಆದರೆ ಬಾಂಬಿಗಾಗಿ ಕಾದು ಕುಳಿತ ಆ ಮಾಪಕಗಳಿಗೆ ದಿನನಿತ್ಯ ಕೇಳಿಸುತ್ತಿದ್ದುದು ಭೂಕಂಪಗಳೇ, ಅವುಗಳಲ್ಲಿ ಎಷ್ಟೋ ಕಡಲ ತಳದವು.

ಕಡಲ ತಳದಲ್ಲೇನಿದೆ? ನಮ್ಮ ಅರಬ್ಬೀ ಸಮುದ್ರದ ಆಚೆ ಕಾರ್ಲ್ಸ್‌ಬರ್ಗ್ ಏಣು ಎಂಬ ಮುಳುಗಿದ ಪರ್ವತಸಾಲಿದೆ. 1928–30ರಲ್ಲಿ ಡೆನ್ಮಾರ್ಕಿನ 'ಡಾನಾ' ಹಡಗಿನ ಯಾತ್ರೆ ಇದನ್ನು ಬೆಳಕಿಗೆ ತಂದಿತು. 1962ರಲ್ಲಿ ಇದೇ ಏಣಿನ ಮೇಲೆ ಬ್ರಿಟಿಷ್ ಹಡಗು 'ಓವನ್' ಅಳೆದ ಕಾಂತತ್ವದ ವಿವರಗಳನ್ನು ಆಧರಿಸಿ, ಮರುವರ್ಷ ಫ್ರೆಡ್ ವೈನ್ ಮತ್ತು ಡ್ರಮ್ಮಂಡ್ ಮ್ಯಾಥ್ಯೂಸ್ ಕಡಲ ತಳ ಹರಡುತ್ತಾ ಹೋಗುತ್ತದೆಂಬ ವಾದಕ್ಕೆ ಬಲವಾದ ಆಧಾರ ಒದಗಿಸಿದರು. ಪಾಠ ಹೇಳುವಾಗ ಅಟ್ಲಾಂಟಿಕ್ ಉದಾಹರಣೆ ಕೊಡುವುದೇ ರೂಢಿ. ಪಕ್ಕದ ಮನೆಯ ಸಾಕ್ಷಿಯನ್ನು ಬಿಟ್ಟು ಪರದೇಶಕ್ಕೆ ಹೋದಂತೆ!

1970ರ ದಶಕದಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಸೋವಿಯತ್ ನೆರವಿನಿಂದ ಪೂರ್ವ ತೀರದ ಕಾವಲಿಯಿಂದ ನಮ್ಮ ಉಡುಪಿಯವರೆಗೆ ಸಿಡಿಮದ್ದು ಸಿಡಿಸಿ ಭೂಮಿಯ ಒಳಗನ್ನು ಅಳೆದರು. ಇಲ್ಲಿ ಭೂಮಿಯ ಸಿಪ್ಪೆ 35–40 ಕಿಲೋಮೀಟರಿನಷ್ಟು ದಪ್ಪ. ಕಡಲ ತಳದಲ್ಲಿ ಅದು ಸಾಮಾನ್ಯವಾಗಿ ಏಳು ಕಿಲೋಮೀಟರ್, ಮೈಸೂರಿನಿಂದ ಶ್ರೀರಂಗಪಟ್ಟಣದ ದಾರಿಯ ಅರ್ಧದಷ್ಟು!

ಈಗ ಆ ಎರಡು ಗಂಟೆಗಳಿಗೆ ಮರಳೋಣ. ಕಂಪನ ಮಾಪಕಗಳಿಗೆ ನಿಮಿಷಗಳಲ್ಲಿ ತಿಳಿಯಿತು, ಮೀನುಗಾರರಿಗೆ ತಿಳಿಯಲಿಲ್ಲ. ಮಾಪಕದಿಂದ ತೀರದವರೆಗೆ ಸುದ್ದಿ ಮುಟ್ಟಿಸುವ ಏರ್ಪಾಡೇ ಹಿಂದೂ ಮಹಾಸಾಗರದಲ್ಲಿ ಇರಲಿಲ್ಲ. ಭಾರತದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಪಶ್ಚಿಮ ಕರಾವಳಿಗೂ ಇದು ಸಂಬಂಧವಿಲ್ಲದ ಮಾತಲ್ಲ: 1945ರ ನವೆಂಬರಿನಲ್ಲಿ ಮಕ್ರಾನ್ ತೀರದಲ್ಲಾದ ಭೂಕಂಪದ ಸುನಾಮಿ ಮುಂಬಯಿಯಲ್ಲಿಯೂ ಜೀವ ತೆಗೆದಿತ್ತು.

2007ರ ಅಕ್ಟೋಬರ್ 15ರಂದು ಹೈದರಾಬಾದಿನಲ್ಲಿ ಸುನಾಮಿ ಮುನ್ನೆಚ್ಚರಿಕೆ ಕೇಂದ್ರ ಆರಂಭವಾಯಿತು. ಭೂಕಂಪಮಾಪಕಗಳ ಜೊತೆಗೆ, ಮೇಲಿನ ನೀರಿನ ಏರಿಳಿತವನ್ನು ಕಡಲ ತಳದಲ್ಲಿ ಕುಳಿತೇ ಅಳೆಯುವ ಒತ್ತಡಮಾಪಕಗಳೂ ಅದಕ್ಕೆ ನೆರವು. 2012ರ ಏಪ್ರಿಲ್ 11ರ ಮಧ್ಯಾಹ್ನ ಸುಮಾತ್ರಾದ ಬಳಿಯೇ 8.6ರ ಭೂಕಂಪವಾದಾಗ ಬೆಂಗಳೂರು, ಚೆನ್ನೈಗಳಲ್ಲಿ ಜನ ಕಟ್ಟಡಗಳಿಂದ ಹೊರಗೋಡಿ ಬಂದರು. ಈ ಸಲ ಎಚ್ಚರಿಕೆ ಬೇಗನೆ ಹೊರಟಿತು, ಆದರೆ ದೊಡ್ಡ ಅಲೆ ಬರಲಿಲ್ಲ. ಕಡಲ ತಳ ಮೇಲೆದ್ದಿರಲಿಲ್ಲ, ಪಕ್ಕಕ್ಕೆ ಸರಿದಿತ್ತು. ಸಂಜೆಯ ಹೊತ್ತಿಗೆ ಎಚ್ಚರಿಕೆಯನ್ನು ಹಿಂತೆಗೆದುಕೊಂಡರು.