ತೃಣಮಣಿಯೊಳಗಣ ಏಡಿ

ಅರಸರ ಚರಿತ್ರೆಗೆ ಶಾಸನಗಳು ಹೇಗೋ ಪ್ರಾಣಿಗಳ ಚರಿತ್ರೆಗೆ ಶಿಲೀಭೂತವಾದ ಅವಶೇಷಗಳು ಹಾಗೆ. ಶಾಸನಗಳಂತೆಯೇ ಇವೂ ಬಹುಮಟ್ಟಿಗೆ ಭಗ್ನವಾದವು. ಏಡಿಗಳಲ್ಲಿಯಂತೂ ಪಂಡಿತರ ಕೈಗೆ ಬರುವುದು ಸಾಮಾನ್ಯವಾಗಿ ಇಕ್ಕಳದ ತುಂಡು, ಇಲ್ಲವೆ ಬೆನ್ನ ಚಿಪ್ಪಿನ ಚೂರು.

ಇದರಿಂದ ಒಂದು ತೊಡಕುಂಟಾಗಿತ್ತು. ಏಡಿಗಳು ಮೂಲತಃ ಕಡಲಿನವು. ಅವು ಕಡಲನ್ನು ಬಿಟ್ಟು ಹೊರಟುದು ಎಂದು? ಈಗಿನ ಏಡಿಗಳ ಆನುವಂಶಿಕ ದ್ರವ್ಯವನ್ನು ಹೋಲಿಸಿದವರು 12½ ಕೋಟಿ ವರ್ಷಗಳಿಗೂ ಹಿಂದೆ ಎಂದರು. ಕಲ್ಲಿನ ಸಾಕ್ಷ್ಯವಾದರೋ 5ರಿಂದ 7½ ಕೋಟಿ ವರ್ಷಗಳಾಚೆಗೆ ಹೋಗುತ್ತಿರಲಿಲ್ಲ. ಯಾವುದನ್ನು ನಂಬುವುದು?

ಮರದಿಂದ ಒಸರಿದ ರಾಳವು ಯುಗಾಂತರದಲ್ಲಿ ಗಟ್ಟಿಯಾದರೆ ತೃಣಮಣಿಯಾಗುತ್ತದೆ. ಅದರೊಳಗೆ ಕೀಟಗಳು ದೊರೆಯುವುದು ಅಪೂರ್ವವಲ್ಲ. ಆದರೆ ಮ್ಯಾನ್ಮಾರ್ ದೇಶದ ಉತ್ತರಭಾಗದಲ್ಲಿ ದೊರೆತ, ಸುಮಾರು 10 ಕೋಟಿ ವರ್ಷಗಳ ಹಿಂದಿನ ಮಣಿಯೊಂದರಲ್ಲಿ ಏಡಿಯೇ ಇದ್ದಿತು! ಕಾಲುಗಳೂ ಸೇರಿ ಅದರ ಅಗಲ 5 ಮಿಲಿಮೀಟರು ಮಾತ್ರ. ಮಣಿಯನ್ನು ಒಡೆಯದೆ ಕ್ಷಕಿರಣಗಳಿಂದ ನೋಡಲಾಗಿ ಕಣ್ಣು, ಮೀಸೆ, ಬಾಯಿಯ ಸೂಕ್ಷ್ಮರೋಮ, ಕಿವಿರುಗಳು ಸಹ ಗೋಚರಿಸಿದುವು. ಕಿವಿರುಗಳಿರುವುದರಿಂದ ಅದು ನೀರನ್ನು ಪೂರ್ತಿ ತೊರೆದುದಲ್ಲ. ಮರದ ರಾಳಕ್ಕೆ ಸಿಕ್ಕಿದುದರಿಂದ ನಡುಗಡಲಿನದೂ ಅಲ್ಲ. ಕಾಡಿನ ಸಿಹಿನೀರಿನಲ್ಲಿಯೋ ಅಳಿವೆಯ ಸವಳುನೀರಿನಲ್ಲಿಯೋ ಅದು ಬಾಳಿರಬೇಕು.

2021ರಲ್ಲಿ ವಿದ್ವಾಂಸರು ಇದನ್ನು ಹೊಸ ಜಾತಿಯೆಂದು ಪ್ರಕಟಿಸಿ 'ಕ್ರೆಟಾಪ್ಸರಾ ಅಥನಾಟಾ' ಎಂದು ಹೆಸರಿಟ್ಟರು. ಕ್ರಿಟೇಷಿಯಸ್ ಯುಗದ ಹೆಸರೊಡನೆ ನೀರಿನಲ್ಲಿ ವಿಹರಿಸುವ ನಮ್ಮ ಅಪ್ಸರೆಯೂ, ಅಮರವೆಂಬರ್ಥದ ಗ್ರೀಕ್ ಶಬ್ದವೂ ಅದರಲ್ಲಿ ಕೂಡಿವೆ. ಎರಡು ಲೆಕ್ಕಗಳ ನಡುವಣ ಕಂದರವು ಪೂರ್ತಿ ಮುಚ್ಚಿತೆನ್ನಲಾಗದು. ಆದರೆ ಕಲ್ಲಿನ ಸಾಕ್ಷ್ಯವು ಒಮ್ಮೆಗೇ ಎರಡೂವರೆ ಕೋಟಿ ವರ್ಷಗಳಷ್ಟಾದರೂ ಹಿಂದಕ್ಕೆ ಸರಿಯಿತು. ದೊರೆಯದಿದ್ದ ಮಾತ್ರಕ್ಕೆ ಇರಲೇ ಇಲ್ಲವೆಂದು ಚರಿತ್ರಕಾರನು ತೀರ್ಮಾನಿಸಬಾರದೆಂಬುದಕ್ಕೆ ಸಾಸಿವೆಕಾಳಿಗಿಂತ ತುಸು ದೊಡ್ಡದಾದ ಈ ಏಡಿಯೇ ಸಾಕ್ಷಿ.