ಯೋಚನೆ ಪ್ರೀತಿಯಾದದ್ದು

ಕೊರಿಯನ್ ಧಾರಾವಾಹಿಗಳ ಹುಚ್ಚು ಹತ್ತಿದವರಿಗೆ ‘ಸರಾಂಗ್’ ಎಂದರೆ ಪ್ರೀತಿ ಎಂದು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಹದಿನೈದನೆಯ ಶತಮಾನದ ಕೊರಿಯನ್ ಗ್ರಂಥಗಳಲ್ಲಿ ಅದೇ ಪದ ಕಂಡಲ್ಲೆಲ್ಲ ಪ್ರೀತಿ ಎಂದು ಓದಿಕೊಂಡರೆ ಅನರ್ಥವಾದೀತು. ಆಗ ಅದಕ್ಕಿದ್ದ ಮುಖ್ಯ ಅರ್ಥ ಯೋಚಿಸುವುದು, ನೆನೆಯುವುದು. ಚಿಂತಿಸಿ ತೂಗಿನೋಡುವುದಕ್ಕೆ ಚೀನೀ ಭಾಷೆಯಲ್ಲಿರುವ ಪದವೊಂದರಿಂದ ಬಂತೆಂದು ಕೆಲವು ವಿದ್ವಾಂಸರು, ಅಲ್ಲ, ಅಚ್ಚ ಕೊರಿಯನ್ ಪದವೆಂದು ಮತ್ತೆ ಕೆಲವರು.

ಹಾಗಾದರೆ ಆಗಿನವರು ಪ್ರೀತಿಗೆ ಏನೆನ್ನುತ್ತಿದ್ದರು? ‘ಗೋಯ್‌ದ’ ಎಂಬ ಬೇರೆಯೇ ಕ್ರಿಯಾಪದವಿತ್ತು. ಅದರ ಸಾಕ್ಷಿ ಇರುವುದು ಕೊರಿಯನ್ ಲಿಪಿಯ ಜಾತಕದಲ್ಲೇ. ದೊರೆ ಸೆಜೊಂಗ್ ಹೊಸ ಲಿಪಿ ರೂಪಿಸಿ, 1446ರಲ್ಲಿ ಅದನ್ನು ವಿವರಿಸುವ ಪುಸ್ತಕ ಬರೆಯಿಸಿದ. ಅಕ್ಷರ ಕೂಡಿಸುವ ಬಗೆಗೆ ಉದಾಹರಣೆ ಬೇಕಾದಾಗ ಪಂಡಿತರು ಆರಿಸಿಕೊಂಡ ಪದಗಳಲ್ಲಿ ಇದೂ ಒಂದು. ಸೊನ್ನೆಯಂಥ ಅಕ್ಷರವನ್ನು ಒಂಟಿಯಾಗಿ ಬರೆದರೆ ನಾನು ಇನ್ನೊಬ್ಬರನ್ನು ಪ್ರೀತಿಸುತ್ತೇನೆ ಎಂದರ್ಥ. ಜೋಡಿಯಾಗಿ ಬರೆದರೆ ಇನ್ನೊಬ್ಬರು ನನ್ನನ್ನು ಪ್ರೀತಿಸುತ್ತಾರೆ. ಕಾಗುಣಿತ ಕಲಿಸಲು ಕೂತವರಿಗೆ ಇಷ್ಟು ರಸಿಕತೆ ಇತ್ತೆಂದರೆ ನನಗಂತೂ ಖುಷಿ. ಈ ಪುಸ್ತಕದ ಪ್ರತಿ 1940ರಲ್ಲಿ ಆಂದೊಂಗ್ ಪ್ರದೇಶದಲ್ಲಿ ಸಿಕ್ಕಿತು.

ಅದೇ ಆಂದೊಂಗ್‌ನಲ್ಲಿ 1998ರಲ್ಲಿ ಹಳೆಯ ಗೋರಿಯೊಂದನ್ನು ಸ್ಥಳಾಂತರಿಸುವಾಗ ಕಾಗದವೊಂದು ಹೊರಬಂತು. 1586ರಲ್ಲಿ ತೀರಿಕೊಂಡ ಯೀ ಉಂಗ್‌ತೆ ಎಂಬಾತನಿಗೆ ಬಸುರಿ ಹೆಂಡತಿ ಬರೆದು, ಶವದ ಜೊತೆ ಇಟ್ಟದ್ದು. ಗಂಡನ ಹೆಸರು ಹಿಡಿಯದೆ, ಮಗುವಿನ ಹೆಸರು ಹೇಳಿ ‘ವೊನ್‌ನ ಅಪ್ಪ’ ಎಂದೇ ಶುರುಮಾಡುತ್ತಾಳೆ. ಹಾಳೆ ತುಂಬಿದ ಮೇಲೂ ದುಃಖ ಮುಗಿಯದೆ ಅಂಚುಗಳಲ್ಲಿ ಬರೆದಿದ್ದಾಳೆ. ಬೇರೆಯವರೂ ನಮ್ಮ ಹಾಗೆಯೇ ಪ್ರೀತಿಸುತ್ತಾರೆಯೇ ಎಂದು ತಾವಿಬ್ಬರೂ ಆಡಿಕೊಳ್ಳುತ್ತಿದ್ದುದನ್ನು ನೆನೆಯುವಲ್ಲಿ ಬರುವುದು ‘ಸರಾಂಗ್’. ಅಷ್ಟರಲ್ಲಿ ಯೋಚನೆಯ ಪದ ಪ್ರೀತಿಯ ಮನೆ ಸೇರಿತ್ತು. ಮುಂದೆ ಯೋಚಿಸುವ ಕೆಲಸವನ್ನು ‘ಸೆಂಗ್‌ಗಾಕ್’ ವಹಿಸಿಕೊಂಡಿತು. ‘ಗೋಯ್‌ದ’ ಬಳಕೆ ತಪ್ಪಿತು. ಸದಾ ಯಾರನ್ನು ನೆನೆಯುತ್ತೇವೋ ಅವರೇ ಪ್ರಿಯರು ತಾನೆ, ಅರ್ಥ ಜಾರಿದ್ದರಲ್ಲಿ ಆಶ್ಚರ್ಯವಿಲ್ಲ.

ಆಕೆಯ ಕಾಗದದ ಆ ಸಾಲಿನಲ್ಲೇ ‘ಒಯೊತ್‌ಬಿ’ ಎನ್ನುವ ಪದದ ಇನ್ನೊಂದು ರೂಪವೂ ಇದೆ. ಸೆಜೊಂಗ್‌ನ ಮುನ್ನುಡಿಯ ಕೊರಿಯನ್ ಅನುವಾದದಲ್ಲಿ, ಓದುಬರಹ ಬಾರದ ಪ್ರಜೆಗಳ ಬಗ್ಗೆ ಮರುಕಪಟ್ಟು ಲಿಪಿ ಮಾಡಿದೆ ಎನ್ನಲು ಬಳಸಿದ್ದು ಇದನ್ನೇ. ಇವತ್ತು ಅದರ ವಂಶದ ಪದಕ್ಕೆ ಅರ್ಥ ಚೆಲುವು! ಆಕೆ ಗಂಡನನ್ನು ಸರಿಸಮವಾಗಿ ಕರೆದ ‘ಜಾನೆ’ಯಂತೂ ಈಗ ಮಾವ ಅಳಿಯನಿಗೆ, ಹಿರಿಯರು ಕಿರಿಯರಿಗೆ ಹೇಳುವ ಮಾತು.

ಈಗಿನ ದಂಪತಿಗಳ ‘ಯೊಬೊ’ ಹುಟ್ಟಿದ್ದು ‘ಇಲ್ಲಿ ನೋಡಿ’ ಎಂಬುದರಿಂದ. ಫೋನ್ ಎತ್ತಿ ಹೇಳುವ ‘ಯೊಬೊಸೆಯೊ’ ಇದರದೇ ದಾಯಾದಿ. ನಿಧಿಯಂಥವಳು ಎಂಬ ಅರ್ಥ ಕಟ್ಟಿ ಹಂಚುವವರೂ ಇದ್ದಾರೆ. ಅದು ಬರೀ ಕಟ್ಟುಕಥೆ. ‘ಇಲ್ಲಿ ನೋಡಿ’ಯಲ್ಲಿ ಏನು ಕೊರತೆ, ‘ರೀ’ ಅಂದುಕೊಂಡೇ ಸಂಸಾರ ಮಾಡಿದವರು ನಾವು. ಪ್ರೇಮಿಗಳ ‘ಜಾಗಿ’ ಎಂದರೆ ಮೂಲತಃ ‘ತಾನು’. ‘ತಾನು’ ಎದುರಿನವರಿಗೆ ಸಲ್ಲುವುದು ಕನ್ನಡಕ್ಕೂ ಹೊಸದಲ್ಲ. ನಮ್ಮ ‘ತಾವು’ ನಡೆದದ್ದೂ ಅದೇ ಹಾದಿ, ಆದರೆ ಅದು ತಲುಪಿದ್ದು ಗೌರವಕ್ಕೆ, ಸಲಿಗೆಗಲ್ಲ. ಹುಡುಗಿಯರು ಅಣ್ಣನಿಗೆ ಹೇಳುವ ‘ಒಪ್ಪಾ’ ಪ್ರಿಯಕರನಿಗೂ ಸಂದಿದೆ. ಉತ್ತರ ಕೊರಿಯಾಕ್ಕೆ ಇದು ಸಹ್ಯವಾಗಲಿಲ್ಲ. ದಕ್ಷಿಣದ ನುಡಿಗಟ್ಟನ್ನು ದೂರವಿಡಲು 2023ರಲ್ಲಿ ಕಾನೂನನ್ನೇ ಮಾಡಿತು.

ದಕ್ಷಿಣದಲ್ಲಿ ಜಗಳ ನಡೆದದ್ದು ನಿಘಂಟಿನಲ್ಲಿ. ವಿದ್ಯಾರ್ಥಿಗಳ ಮನವಿಗೆ ಓಗೊಟ್ಟು ರಾಷ್ಟ್ರೀಯ ಕೊರಿಯನ್ ಭಾಷಾ ಸಂಸ್ಥೆ 2012ರಲ್ಲಿ ‘ಸರಾಂಗ್’ನ ಅರ್ಥವಿವರಣೆಯಿಂದ ಗಂಡು ಹೆಣ್ಣು ಎಂಬ ಮಾತನ್ನು ತೆಗೆದುಹಾಕಿತು, ಆಕ್ಷೇಪ ಬಂದಮೇಲೆ 2014ರಲ್ಲಿ ಮರಳಿ ಸೇರಿಸಿತು. ‘ಪ್ರೇಮಿ’ ಎಂಬರ್ಥದ ಪದಗಳನ್ನು ಮಾತ್ರ ತಿದ್ದಿದ ಹಾಗೆಯೇ ಬಿಟ್ಟರು. ಹೀಗಾಗಿ ಅಲ್ಲಿನ ನಿಘಂಟಿನ ಲೆಕ್ಕದಲ್ಲಿ ಪ್ರೇಮಿ ಯಾರಾದರೂ ಆಗಬಹುದಾಯಿತು, ಪ್ರೇಮ ಮಾತ್ರ ಗಂಡು ಹೆಣ್ಣಿನದೇ ಆಗಿ ಉಳಿಯಿತು.